ಆಸ್ಟ್ರೇಲಿಯಾದ ಒಳ್ಳೆ ಕಾದಂಬರಿ ಒಂದು ಹೇಳಿ ಅನ್ನುವವರಿಗೆ

ಮೆಲ್ಬರ್ನ್‌ನ ಪಶ್ಚಿಮದ ಒಂದು ಬಡಾವಣೆಯ ಲೈಬ್ರರಿಯಲ್ಲಿ ನನ್ನ ಕೆಲಸ. ಕೌಂಟರಿನಲ್ಲಿ, ದೇವಸ್ಥಾನದಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಎಲ್ಲಿ ಸಿಕ್ಕರೂ ನಮ್ಮವರು ಕೇಳುವುದು ಒಂದೇ. "ಇಲ್ಲಿಯದು ಒಳ್ಳೆ ಕಾದಂಬರಿ ಒಂದು ಹೇಳಿ, ಒಂದೇ ಸಾಕು." ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಗೊತ್ತಿಲ್ಲ. ನೀವು ಹಿಂದೆ ಏನು ಓದಿದ್ದೀರಿ, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ, ರಾತ್ರಿ ಮಲಗುವಾಗ ಓದುತ್ತೀರಾ ಅಥವಾ ರೈಲಿನಲ್ಲಾ, ಇದೇನೂ ತಿಳಿಯದೆ ಹೆಸರು ಹೇಳಿದರೆ ಅದು ಸುಮ್ನೆ ಬಾಯಿಮಾತು. ಡಾಕ್ಟರ ಹತ್ತಿರ ಹೋಗಿ ಒಳ್ಳೆ ಮಾತ್ರೆ ಒಂದು ಕೊಡಿ ಅಂತ ಕೇಳುತ್ತೀರಾ?

"ಒಂದೇ ಸಾಕು" ಅನ್ನುವುದನ್ನಾದರೂ ಸಹಿಸಿಕೊಳ್ಳಬಹುದು. ಅದರ ಹಿಂದೆಯೇ ಬರುವ ಇನ್ನೊಂದು ಮಾತು ಸಹಿಸಲು ಆಗುವುದಿಲ್ಲ. "ಇದು ಇನ್ನೂರು ಚಿಲ್ಲರೆ ವರ್ಷದ ದೇಶ, ಇಲ್ಲಿ ಸಾಹಿತ್ಯ ಅಂತ ಎಷ್ಟಿರುತ್ತೆ?" 1788ರಲ್ಲಿ ಬ್ರಿಟಿಷರ ಹಡಗುಗಳು ಬಂದು ನಿಂತಾಗ ಈ ನೆಲದಲ್ಲಿ 250ಕ್ಕೂ ಜಾಸ್ತಿ ಭಾಷೆಗಳಿದ್ದವು. ಆ ಭಾಷೆಗಳಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಕತೆ ಇತ್ತು, ಹಾಡಿತ್ತು. ಹಲ್ಮಿಡಿ ಶಾಸನದ ಹೆಸರು ಹೇಳಿ ಹೆಮ್ಮೆಪಡುವ ನಾವು ಇನ್ನೊಬ್ಬರ ಭಾಷೆಯ ವಯಸ್ಸನ್ನು ಹಡಗು ಬಂದ ದಿನದಿಂದ ಎಣಿಸಬಾರದು.

ತಪ್ಪು ನನ್ನದೂ ಇದೆ. ಮೊದಲ ಕೆಲವು ವರ್ಷ ಯಾರೇ ಕೇಳಲಿ, ಪ್ಯಾಟ್ರಿಕ್ ವೈಟ್ ಅವರ 'ವಾಸ್' ತೆಗೆದುಕೊಡುತ್ತಿದ್ದೆ. 1957ರ ಕಾದಂಬರಿ, ಇಲ್ಲಿನ ಕಾದಂಬರಿಗಳಿಗೆ ಕೊಡುವ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿಯನ್ನು ಮೊಟ್ಟಮೊದಲು ಗೆದ್ದ ಪುಸ್ತಕ, ಬರೆದವರಿಗೆ 1973ರಲ್ಲಿ ನೊಬೆಲ್ ಬಂತು. ಇಷ್ಟು ಹೇಳಿದರೆ ಕೇಳಿದವರಿಗೂ ಸಮಾಧಾನ ಆಗುತ್ತಿತ್ತು. ಓದಿ ಮುಗಿಸಿದವರು ಮಾತ್ರ ತೀರಾ ಕಡಿಮೆ.

ಒಮ್ಮೆ ಚಳ್ಳಕೆರೆ ಕಡೆಯ ಒಬ್ಬ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಗನ ಮನೆಗೆ ಆರು ತಿಂಗಳಿಗೆ ಬಂದಿದ್ದರು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ದಿನಾ ಹತ್ತು ಗಂಟೆಗೆ ಲೈಬ್ರರಿ. ಅವರಿಗೂ 'ವಾಸ್' ಕೊಟ್ಟೆ. ನಾಲ್ಕನೇ ದಿನ ವಾಪಸ್ ತಂದಿಟ್ಟರು. "ದೊಡ್ಡ ಬರಹಗಾರ, ಒಪ್ಪಿದೆ. ಆದರೆ ಈ ಮನುಷ್ಯ ಮರಳುಗಾಡಿಗೆ ಹೊರಡುವಷ್ಟರಲ್ಲಿ ನನ್ನ ವೀಸಾ ಮುಗಿಯುತ್ತಮ್ಮ" ಅಂದರು.

ಆಗ ನಾನು ಮೊದಲೇ ಕೇಳಬೇಕಿದ್ದದ್ದನ್ನು ಕೇಳಿದೆ. ಊರಲ್ಲಿ ಏನು ಮಾಡಿಕೊಂಡಿದ್ದೀರಿ ಮೇಷ್ಟ್ರೇ? ಎಂಟು ಎಕರೆ ಇದೆಯಂತೆ. ಮಳೆ ನಂಬಿ ಶೇಂಗಾ ಹಾಕುತ್ತಾರೆ. ಮೂರು ವರ್ಷ ಬೀಜದ ದುಡ್ಡೂ ಹುಟ್ಟಿಲ್ಲ. ಅವರು ಇನ್ನೂ ಮಾತಾಡುತ್ತಿರುವಾಗಲೇ ಎದ್ದುಹೋಗಿ ಜೇನ್ ಹಾರ್ಪರ್ ಅವರ 'ದಿ ಡ್ರೈ' ತಂದೆ. 2016ರಲ್ಲಿ ಬಂದ ಪತ್ತೇದಾರಿ ಕಾದಂಬರಿ. ವಿಕ್ಟೋರಿಯಾದ ಒಂದು ಕಲ್ಪಿತ ಊರು, ವರ್ಷಗಟ್ಟಲೆ ಮಳೆಯಿಲ್ಲ, ನದಿ ಒಣಗಿದೆ. ಒಬ್ಬ ರೈತ, ಅವನ ಹೆಂಡತಿ, ಮಗ ಸತ್ತಿದ್ದಾರೆ. ಬರಗಾಲಕ್ಕೆ ತಲೆಕೆಟ್ಟು ಅವನೇ ಕೊಂದ ಅಂತ ಊರೆಲ್ಲ ನಂಬಿದೆ. ಎರಡೇ ದಿನದಲ್ಲಿ ಮುಗಿಸಿ ಬಂದರು. ಕೊಲೆಗಾರ ಯಾರು ಅನ್ನುವುದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಊರಿನವರು ಆಕಾಶ ನೋಡುವುದರ ಬಗ್ಗೆಯೇ ಅರ್ಧ ಗಂಟೆ ಮಾತಾಡಿದರು.

ಅವತ್ತಿನಿಂದ ಪ್ರಶಸ್ತಿಯ ಪಟ್ಟಿ ನೋಡಿ ಪುಸ್ತಕ ಕೊಡುವುದನ್ನು ಬಿಟ್ಟೆ. ವಠಾರದಲ್ಲಿ ಬೆಳೆದವರು ಅಂತ ಗೊತ್ತಾದರೆ ಟಿಮ್ ವಿಂಟನ್ ಅವರ 'ಕ್ಲೌಡ್‌ಸ್ಟ್ರೀಟ್' ಕೊಡುತ್ತೇನೆ. ಪರ್ತ್‌ನ ಒಂದು ದೊಡ್ಡ ಹಳೇ ಮನೆ, ಅದರಲ್ಲಿ ಎರಡು ಕುಟುಂಬ, ಇಪ್ಪತ್ತು ವರ್ಷದ ಜಗಳ ಮತ್ತು ಪ್ರೀತಿ. ವಲಸೆ ಬಂದವರ ಕತೆ ಬೇಕು ಅನ್ನುವವರಿಗೆ ಶಂಕರಿ ಚಂದ್ರನ್ ಅವರದು, 2023ರ ಮೈಲ್ಸ್ ಫ್ರಾಂಕ್ಲಿನ್ ಗೆದ್ದ, ಸಿಡ್ನಿಯ ವೃದ್ಧಾಶ್ರಮವೊಂದರ ಕಾದಂಬರಿ. ಮಂಗಳೂರಿನವರು ಬಂದರೆ ಅರವಿಂದ ಅಡಿಗರ 'ಆಮ್ನೆಸ್ಟಿ'. ಮಂಗಳೂರಿನಲ್ಲಿ ಬೆಳೆದ ಅಡಿಗರು ಹದಿಹರೆಯದಲ್ಲಿ ಸಿಡ್ನಿಯಲ್ಲಿ ಓದಿದವರು. ವೀಸಾ ಇಲ್ಲದೆ ಅದೇ ಸಿಡ್ನಿಯಲ್ಲಿ ಮನೆ ಗುಡಿಸುವ ಒಬ್ಬ ಹುಡುಗನ ಒಂದು ದಿನದ ಕತೆ ಇದು. ಇಲ್ಲಿನ ನಮ್ಮ ಔತಣಗಳಲ್ಲಿ ಅಂಥ ಹುಡುಗರ ಮಾತೇ ಬರುವುದಿಲ್ಲ, ಅಲ್ವಾ?

ಮೇಷ್ಟ್ರ ಕತೆ ಇನ್ನೂ ಮುಗಿದಿಲ್ಲ. 'ದಿ ಡ್ರೈ' ವಾಪಸ್ ಕೊಡುವಾಗ ಅವರೊಂದು ಪ್ರಶ್ನೆ ಕೇಳಿದರು. "ಅಲ್ಲಮ್ಮ, ಇವರೆಲ್ಲ ಬರುವ ಮುಂಚೆ ಈ ಜಮೀನು ಯಾರದ್ದು? ಅವರು ಬರೆದದ್ದು ಇದೆಯಾ?"

ಅಷ್ಟು ವರ್ಷದಲ್ಲಿ ನಮ್ಮವರು ಯಾರೂ ನನಗೆ ಇದನ್ನು ಕೇಳಿರಲಿಲ್ಲ. ಮನೆ ಕೊಳ್ಳುವಾಗ ಎಷ್ಟು ಚದರ ಮೀಟರ್, ಯಾವ ದಿಕ್ಕು, ಹತ್ತಿರದ ಶಾಲೆ ಯಾವುದು ಅಂತೆಲ್ಲ ವಿಚಾರಿಸುತ್ತೇವೆ. ಇದು ಯಾರ ನೆಲ ಅಂತ ಕೇಳುವುದಿಲ್ಲ. ಬ್ರಿಟಿಷರು ಬಂದಾಗ ಇದು ಯಾರಿಗೂ ಸೇರದ ಭೂಮಿ ಅನ್ನುವ ವಾದವನ್ನು ಇಲ್ಲಿನ ಹೈಕೋರ್ಟ್ (ಈ ದೇಶದ ಅತ್ಯುನ್ನತ ನ್ಯಾಯಾಲಯ) ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ಪ್ರಕರಣದಲ್ಲಿ. ಅಂದರೆ ತೀರಾ ಇತ್ತೀಚೆಗೆ. ನನಗೆ ಈ ಪ್ರಶ್ನೆ ಕೇಳಿ. ಇಡೀ ಮಧ್ಯಾಹ್ನ ಕೂತು ಉತ್ತರ ಹೇಳುತ್ತೇನೆ. ಅಲೆಕ್ಸಿಸ್ ರೈಟ್ ಅವರ 'ಕಾರ್ಪೆಂಟೇರಿಯಾ' ಇದೆ. ಕಿಮ್ ಸ್ಕಾಟ್ ಇದ್ದಾರೆ. ಮೆಲಿಸಾ ಲುಕಾಶೆಂಕೊ ಇದ್ದಾರೆ.

ಮೇಷ್ಟ್ರಿಗೆ ಕೊಟ್ಟಿದ್ದು ಟಾರಾ ಜೂನ್ ವಿಂಚ್ ಅವರ 'ದಿ ಯೀಲ್ಡ್'. 2020ರಲ್ಲಿ ಮೈಲ್ಸ್ ಫ್ರಾಂಕ್ಲಿನ್ ಬಂದ ಪುಸ್ತಕ. ಇದರಲ್ಲಿ ಇಲ್ಲಿನ ಮೂಲನಿವಾಸಿಗಳಾದ ವಿರಾಡ್ಜುರಿ ಜನರ ಒಬ್ಬ ಅಜ್ಜ ಸಾಯುವ ಮುಂಚೆ ತನ್ನ ಭಾಷೆಯ ನಿಘಂಟು ಬರೆಯುತ್ತಾನೆ, ಕೊನೆಯ ಅಕ್ಷರದಿಂದ ಹಿಂದಕ್ಕೆ. ಅವನು ಕೊಡುವ ಒಂದೊಂದು ಅರ್ಥವೂ ಒಂದೊಂದು ನೆನಪು. ಅವನ ಮಣ್ಣಿಗೆ ಇಂಗ್ಲೆಂಡಿನಿಂದ ಮೊಮ್ಮಗಳು ಬರುತ್ತಾಳೆ. ಅಷ್ಟರಲ್ಲಿ ಅವರ ನೆಲಕ್ಕೆ ಗಣಿ ಕಂಪನಿ ಬಂದಿರುತ್ತದೆ.

ಮರುದಿನ ಬಾಗಿಲು ತೆರೆಯುವಾಗಲೇ ಮೇಷ್ಟ್ರು ನಿಂತಿದ್ದರು. ಪುಸ್ತಕದಲ್ಲಿ ಒಂದು ಪದಕ್ಕೆ ಬೆರಳಿಟ್ಟು ತೋರಿಸಿದರು. ತಾಯ್ನಾಡು ಅನ್ನುವ ಅರ್ಥದ ಪದ. ಶುರುವಾಗುವುದೇ ಮೂಗಿನ ಧ್ವನಿಯಿಂದ. ನನ್ನ ಸಹೋದ್ಯೋಗಿಗಳು ಎಷ್ಟು ಪ್ರಯತ್ನಪಟ್ಟರೂ ಅದು 'ನ' ಆಗುತ್ತದೆ, ಇಲ್ಲವೇ 'ಗ' ಆಗುತ್ತದೆ. ಮೇಷ್ಟ್ರು ಪೆನ್ಸಿಲ್ ತೆಗೆದು, ಕಾಯ್ದಿರಿಸಿದ ಪುಸ್ತಕಕ್ಕೆ ಹಾಕುವ ಹೋಲ್ಡ್ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದರು: ಙುರಂಬಙ್. ಕ ಖ ಗ ಘ ಆದ ಮೇಲೆ ಬಾಯಿಪಾಠ ಮಾಡಿ ನಾವೆಲ್ಲ ಮರೆತ ಅಕ್ಷರ, ಒಂದೇ ಪದದಲ್ಲಿ ಎರಡು ಸಲ. ಬರೆದದ್ದನ್ನು ಗಟ್ಟಿಯಾಗಿ ಓದಿದರು. ನಾನೂ ಓದಿದೆ.

ಪುಸ್ತಕ ಈಗ ಷೆಲ್ಫಿನಲ್ಲೇ ಇದೆ. ಡಬ್ಲ್ಯೂ ಸಾಲಿನಲ್ಲಿ ವಿಂಚ್ ಅಂತ ಹುಡುಕಿ. ಚೀಟಿ ಒಳಗಿದೆ, ಬೀಳಿಸಬೇಡಿ.