ಮರಳು ಕಂಡಲ್ಲಿ ಮಾತ್ರ ಲಂಗರು

ಸ್ಪೇನಿನ ಫಾರ್ಮೆಂಟೆರಾ ದ್ವೀಪದ ಬಳಿ ನಿನ್ನೆ ನಮ್ಮ ದೋಣಿಯ ಲಂಗರು ಹಾಕೋಕೆ ಮುಕ್ಕಾಲು ಗಂಟೆ ಹಿಡಿಯಿತು. ಇಲ್ಲಿ ನೀರಿನಡಿ ಪೊಸಿಡೋನಿಯಾ ಅನ್ನೋ ಹುಲ್ಲುಗಾವಲಿದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುತ್ತದೆ. ಲಂಗರಿನ ಸರಪಳಿ ಎಳೆದಾಡಿ ಹುಲ್ಲು ಕಿತ್ತು ಬಂದರೆ ಆ ಜಾಗ ತುಂಬೋಕೆ ದಶಕಗಳೇ ಬೇಕು. ಅದರ ಮೇಲೆ ಲಂಗರು ಹಾಕಬಾರದು ಅಂತ 2018ರಲ್ಲಿ ಇಲ್ಲಿ ಕಾನೂನೂ ಬಂದಿದೆ. ಒಳ್ಳೇದೇ ಆಯ್ತು.

ಚುಕ್ಕಾಣಿ ನನ್ನ ಕೈಲಿತ್ತು. ನಮ್ಮವರು ದೋಣಿಯ ಮುಂಭಾಗಕ್ಕೆ ಕಟ್ಟಿರೋ ಬಲೆಯ ಮೇಲೆ ಬೋರಲು ಮಲಗಿ ನೀರನ್ನೇ ನೋಡುತ್ತಿದ್ದರು. ಕಪ್ಪಗಿದ್ದರೆ ಹುಲ್ಲು, ತಿಳಿಯಾಗಿದ್ದರೆ ಮರಳು. "ಇನ್ನೂ ಸ್ವಲ್ಪ ಎಡಕ್ಕೆ ಕಣೇ!" ಅಂದರು. 5 ಮೀಟರ್ ಆಳಕ್ಕೆ 25 ಮೀಟರ್ ಸರಪಳಿ ಬಿಟ್ಟೆವು. ಆಮೇಲೆ ನಾನೇ ಮುಳುಗಿ ನೋಡಿದೆ. ಸರಪಳಿ ಪೂರ್ತಿ ಮರಳಿನ ಮೇಲೇ ಇತ್ತು. ಪಕ್ಕದಲ್ಲಿ ಹುಲ್ಲು ಮೆಲ್ಲಗೆ ತೂಗುತ್ತಿತ್ತು.

ಇವತ್ತು ಬಿಸಿಲು ಜಾಸ್ತಿ. ಸೋಲಾರ್ ಕರೆಂಟಿನಲ್ಲೇ ಅನ್ನ ಬೇಯುತ್ತಿದೆ.