ಅಕ್ಕನ ಡಿಟಿಪಿಗೆ ಒಂದು ಹಳೇ ಲ್ಯಾಪ್‌ಟಾಪ್

ನಮ್ಮಕ್ಕ ಹಾಸನದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಾಳೆ. ಲಗ್ನಪತ್ರಿಕೆ, ಅಫಿಡವಿಟ್, ಸಂಘದ ವಾರ್ಷಿಕ ವರದಿ, ಮಕ್ಕಳ ಪ್ರಾಜೆಕ್ಟು, ಬಂದದ್ದನ್ನೆಲ್ಲ ಟೈಪ್ ಮಾಡಿಕೊಡುತ್ತಾಳೆ. ವಿಂಡೋಸ್ 7 ಇದ್ದ ಅವಳ ಡೆಸ್ಕ್‌ಟಾಪ್ ಕಳೆದ ತಿಂಗಳು ಪೂರ್ತಿ ಕೈಕೊಟ್ಟಿತು. ಫೋನ್ ಮಾಡಿ ಎರಡೇ ಮಾತು ಹೇಳಿದಳು. "ಇಪ್ಪತ್ತು ಸಾವಿರದ ಮೇಲೆ ನನ್ನ ಹತ್ರ ಇಲ್ಲ ಕಣೋ. ಮತ್ತೆ ಅದರಲ್ಲಿ ನುಡಿ ಓಡಬೇಕು, ಅಷ್ಟೇ." ನುಡಿ ಅಂದರೆ ಅವಳು ಕನ್ನಡ ಟೈಪ್ ಮಾಡುವ ತಂತ್ರಾಂಶ.

ಆ ದುಡ್ಡಿಗೆ ಹೊಸದು ಸಿಗುವುದಿಲ್ಲ ಅಂತಲ್ಲ. ಸಿಗುತ್ತದೆ. ಆದರೆ ಆ ಬೆಲೆಯಲ್ಲಿ ನಾನು ನೋಡಿದವು ನಿಧಾನದ ಪ್ರೊಸೆಸರಿನವು, ದಿನಕ್ಕೆ ಎಂಟು ತಾಸು ಟೈಪ್ ಮಾಡುವವರ ಕೈಗೆ ತಡೆಯುವ ಕೀಬೋರ್ಡೂ ಅವುಗಳಲ್ಲಿ ಇರಲಿಲ್ಲ. ಅದಕ್ಕಿಂತ ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್ ಎಷ್ಟೋ ವಾಸಿ. ಲೀಸ್ ಮುಗಿದ ಮೇಲೆ ಅವು ಕಂತೆ ಕಂತೆಯಾಗಿ ಹರಾಜಾಗಿ, ಒರೆಸಿ ತೊಳೆದು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಮಾರಾಟಕ್ಕೆ ಬರುತ್ತವೆ. ಅವುಗಳ ಮೈ ಗಟ್ಟಿ, ಪಾರ್ಟು ಸಿಗುತ್ತದೆ, ಹೆಚ್ಚಿನವನ್ನು ಸ್ಕ್ರೂ ಬಿಚ್ಚಿ ರಿಪೇರಿ ಮಾಡಬಹುದು.

ಆದರೆ ಈ ವಿಷಯದಲ್ಲಿ ನನಗೆ ಒಂದು ಸಲ ಪೆಟ್ಟು ಬಿದ್ದಿದೆ. ಎರಡು ವರ್ಷದ ಹಿಂದೆ ನನಗೇ ಅಂತ ಒಂದು ಲ್ಯಾಪ್‌ಟಾಪ್ ತಂದೆ. ನೋಡೋಕೆ ಹೊಸದರ ಹಾಗೇ ಇತ್ತು, ಒಂದು ಗೀರೂ ಇರಲಿಲ್ಲ. ಮೂರು ವಾರ ಆದ ಮೇಲೆ ಒಂದು ಭಾನುವಾರ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕೋಣ ಅಂತ ರೀಸೆಟ್ ಮಾಡಿ ವೈಫೈ ಕೊಟ್ಟೆ. ಯಾವುದೋ ಕಂಪನಿಯ ಹೆಸರು ಹೊತ್ತ ಪರದೆ ಬಂತು, ಅಲ್ಲಿನ ನೌಕರರ ಐಡಿ, ಪಾಸ್‌ವರ್ಡ್ ಕೇಳಿತು. ಅಂದರೆ ಆ ಯಂತ್ರದ ಗುರುತು ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇತ್ತು. ಡಿಸ್ಕ್ ಬದಲಾಯಿಸಿದರೂ ಆ ಗುರುತು ಅಳಿಯುವುದಿಲ್ಲ, ಪಟ್ಟಿಯಿಂದ ಆ ಕಂಪನಿಯವರೇ ತೆಗೆಯಬೇಕು. ಮಾರಿದವನು ಫೋನ್ ಎತ್ತಲಿಲ್ಲ. ಹದಿನಾರು ಸಾವಿರ ರೂಪಾಯಿ ಅದು. ಎಷ್ಟೋ ದಿನ ಆ ಲ್ಯಾಪ್‌ಟಾಪ್ ಕಣ್ಣಿಗೆ ಬಿದ್ದರೆ ಹೊಟ್ಟೆ ಉರಿಯುತ್ತಿತ್ತು.

ಅದಕ್ಕೇ ಈ ಸಲ ಅಂಗಡಿಗೆ ಹೋದಾಗ ಮೊದಲು ರೇಟ್ ಕೇಳಲಿಲ್ಲ. "ಒಂದು ಗಂಟೆ ಇದರ ಜೊತೆ ಕೂತು ನೋಡಬಹುದಾ, ಹೊಸದಾಗಿ ವಿಂಡೋಸ್ ಹಾಕಿ ನೋಡಬಹುದಾ?" ಅಂತ ಕೇಳಿದೆ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ ಅಂತ ನನಗೆ ಈಗ ಗಟ್ಟಿ ನಂಬಿಕೆ.

ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ಎಸ್‌ಪಿ ರೋಡಿಗೆ ನಡೆದೆ. ಮೊದಲನೇ ಅಂಗಡಿಯವರು "ಐ5 ಸಾರ್, ಎಸ್‌ಎಸ್‌ಡಿ ಸಾರ್, ವಿಂಡೋಸ್ 11 ಸಾರ್" ಅಂತ ಒಂದೇ ಉಸಿರಿಗೆ ಹೇಳಿದರು. ಮೂರೂ ನಿಜವೇ. ಆದರೆ ಐ5 ಅಂದರೆ ಏನೂ ಹೇಳಿದಂತಾಗಲಿಲ್ಲ. ಆಮೇಲೆ ಬರುವ ಅಂಕಿ ನೋಡಬೇಕು. ಅದು 7200ಯು, ಅಂದರೆ ಏಳನೇ ತಲೆಮಾರು, ಎರಡೇ ಕೋರ್. ಅದರ ಮುಂದಿನದು 8250ಯು, ಅದರಲ್ಲಿ ನಾಲ್ಕು ಕೋರ್. ಹೆಸರು ಎರಡಕ್ಕೂ ಐ5. ಇನ್ನೊಂದು ದೊಡ್ಡ ವಿಷಯ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಹಾಗಾದರೆ ಈ ಏಳನೇ ತಲೆಮಾರಿನದರಲ್ಲಿ 11 ಹೇಗೆ ಬಂತು? ಆ ತಪಾಸಣೆಯನ್ನು ದಾಟಿಸಿ ಹಾಕಿದ್ದರು. ಹಾಗೆ ಹಾಕಿದರೆ ಇವತ್ತು ಓಡುತ್ತದೆ, ಆದರೆ ಅಪ್‌ಡೇಟ್‌ಗೆ ಖಾತ್ರಿ ಇಲ್ಲ. ದಿನಾ ಜನರ ಆಧಾರ್, ಪತ್ರ ಎಲ್ಲ ಹಾದುಹೋಗುವ ಅಕ್ಕನ ಅಂಗಡಿಗೆ ಅದು ಸರಿಹೋಗಲ್ಲ.

ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ತೆಗೆದು ನೋಡಿದೆ. ಯಾವುದೋ ಸಂಸ್ಥೆಯ ಆಕ್ಟಿವೇಶನ್ ಸರ್ವಿಸ್‌ನಿಂದ ಆಗಿದೆ ಅಂತಿತ್ತು. ಕಂಪನಿಗಳು ತಮ್ಮೊಳಗೆ ಬಳಸುವ ಆ ರೀತಿಯ ಆಕ್ಟಿವೇಶನ್ 180 ದಿನಕ್ಕೆ ಮುಗಿಯುತ್ತದೆ, ನಡುನಡುವೆ ಸರ್ವರ್ ಜೊತೆ ಮಾತಾಡಿ ನವೀಕರಿಸಿಕೊಳ್ಳಬೇಕು. ಅಂಗಡಿಯ ಕೌಂಟರ್ ಮೇಲೆ ಕೂತ ಲ್ಯಾಪ್‌ಟಾಪ್‌ಗೆ ಯಾವ ಸಂಸ್ಥೆ, ಯಾವ ಸರ್ವರ್? ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಒಂದು ಫೋಲ್ಡರ್ ಕೂಡ ಇತ್ತು, ಅಂದರೆ ಅದರೊಳಗೆ ಏನಿದ್ದರೂ ನೋಡಬೇಡ ಅಂತ ಆಂಟಿವೈರಸ್‌ಗೇ ಹೇಳಿಟ್ಟಿದ್ದರು. ಹೊಸದಾಗಿ ಹಾಕಿ ನೋಡಲಾ ಅಂತ ಕೇಳಿದ್ದಕ್ಕೆ "ಅದೆಲ್ಲ ಆಗಲ್ಲ ಸಾರ್, ಬೇಕಾದ್ರೆ ಐನೂರು ಕಡಿಮೆ ಕೊಡಿ" ಅಂದರು. ಕೈಮುಗಿದು ಹೊರಟೆ.

ನಾಲ್ಕನೇ ಅಂಗಡಿಯಲ್ಲಿ ಥಿಂಕ್‌ಪ್ಯಾಡ್ ಟಿ480 ಸಿಕ್ಕಿತು. 2018ರ ಮಾಡೆಲ್, ಐ5 8250ಯು, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಅಂಗಡಿಯವರು ಒಂದು ಸ್ಟೂಲ್ ಕೊಟ್ಟು "ಕೂತ್ಕೊಂಡು ಆರಾಮಾಗಿ ನೋಡಿ" ಅಂದರು.

ಮೊದಲು ಕೈಗೆತ್ತಿಕೊಂಡು ಕಣ್ಣಲ್ಲೇ ನೋಡಿದೆ. ಕೀಬೋರ್ಡಿನ ಎ, ಎಸ್ ಅಕ್ಷರ ಸ್ವಲ್ಪ ಮಿರುಗುತ್ತಿತ್ತು. ಕೆಲಸ ಮಾಡಿದ ಯಂತ್ರ, ಅದು ಸಹಜ. ಪರದೆಯನ್ನು ಒಂದು ಮೂಲೆಯಲ್ಲಿ ಹಿಡಿದು ಮೆಲ್ಲಗೆ ತೆರೆದು ಮುಚ್ಚಿದೆ, ಹಿಂಜ್ ಎರಡೂ ಕಡೆ ಒಂದೇ ಬಿಗಿ. ಟಚ್‌ಪ್ಯಾಡ್ ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ ಅಂತ ಅನುಮಾನ ಪಡಬೇಕು, ಇದರಲ್ಲಿ ಸಮತಟ್ಟಾಗಿತ್ತು. ಚಾರ್ಜರ್ ಪಿನ್ ಹಾಕಿ ಸ್ವಲ್ಪ ಅಲ್ಲಾಡಿಸಿದೆ, ಚಾರ್ಜಿಂಗ್ ನಿಲ್ಲಲಿಲ್ಲ. ಪೂರ್ತಿ ಬಿಳಿ ಪುಟ ತೆರೆದಾಗ ಎಡಗಡೆ ಕೆಳಗೆ ಕಾಳಿನಷ್ಟು ಒಂದು ಮಸುಕು ಕಲೆ ಕಾಣಿಸಿತು. ಅದನ್ನು ಬರೆದಿಟ್ಟುಕೊಂಡೆ.

ಬ್ಯಾಟರಿಗೆ ಒಂದು ಸುಲಭ ದಾರಿ ಇದೆ, ಯಾಕೋ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಜಾಗ ಬಿಟ್ಟು ಸ್ಲ್ಯಾಷ್, ಅದಕ್ಕೆ ಸೇರಿಸಿ ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ಪುಟ ಸಿದ್ಧವಾಗುತ್ತದೆ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ಅದರಲ್ಲಿರುತ್ತದೆ. ಟಿ480ಯಲ್ಲಿ ಎರಡು ಬ್ಯಾಟರಿ ಹಾಕಬಹುದು, ಒಳಗೊಂದು, ಹಿಂದಿನಿಂದ ಕಳಚುವ ಇನ್ನೊಂದು. ಒಳಗಿನದು 24 ವ್ಯಾಟ್ ಅವರ್‌ನದು, ಈಗ 19 ಹಿಡಿಯುತ್ತಿತ್ತು. ಹೊರಗಿನದೂ 24ರದ್ದೇ, ಅದು 11ಕ್ಕೆ ಇಳಿದಿತ್ತು. ಸೋತದ್ದು ಹೊರಗಿನದು ಅನ್ನುವುದೇ ಸಮಾಧಾನ. ಎರಡು ಲಾಚ್ ಸರಿಸಿದರೆ ಕೈಗೇ ಬರುತ್ತದೆ, ಬದಲಾಯಿಸಲು ಮೆಕ್ಯಾನಿಕ್ ಬೇಡ.

ಡಿಸ್ಕ್ ನೋಡಲು ಪೆನ್‌ಡ್ರೈವ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಒಯ್ದಿದ್ದೆ. ಅದು ಉಚಿತ. ಎರಡನೇ ಅಂಗಡಿಯ ಒಂದು ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಓಡಿದ್ದು ಬರೀ 9 ಗಂಟೆ ಅಂತ ತೋರಿಸಿತ್ತು. ಎಂಟು ವರ್ಷದ ಯಂತ್ರದಲ್ಲಿ ಒಂಬತ್ತು ಗಂಟೆ! ಅಂದರೆ ಹಳೆಯದು ತೆಗೆದು ಹೆಸರಿಲ್ಲದ ಹೊಸದು ಹಾಕಿದ್ದಾರೆ. ಅದು ಮೋಸ ಅಲ್ಲ, ಆದರೆ ಆ 9 ಗಂಟೆ ನೋಡಿ ಲ್ಯಾಪ್‌ಟಾಪೇ ಕಡಿಮೆ ಓಡಿದೆ ಅಂದುಕೊಳ್ಳಬಾರದು. ಇದರಲ್ಲಿ 6,200 ಗಂಟೆ ಚಿಲ್ಲರೆ ಇತ್ತು, ಆರೋಗ್ಯ 91 ಪರ್ಸೆಂಟ್. ನನಗೆ ಈ 6,200 ಹೆಚ್ಚು ನಂಬಿಕೆ ಕೊಟ್ಟಿತು. ದಿನಾ ಎಂಟು ಗಂಟೆಯಂತೆ ಲೆಕ್ಕ ಹಾಕಿ, ಮೂರು ವರ್ಷದ ಆಫೀಸ್ ಕೆಲಸಕ್ಕೆ ಸರಿಹೊಂದುತ್ತದೆ.

ಆಮೇಲೆ ಆಫ್ ಮಾಡಿ, ಆನ್ ಮಾಡುತ್ತಲೇ ಎಫ್1 ಒತ್ತಿ ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಸಿಗುವ ಸೆಟ್ಟಿಂಗ್ ಪರದೆಗೆ ಹೋದೆ. ಸೂಪರ್‌ವೈಸರ್ ಪಾಸ್‌ವರ್ಡ್ ಇರಲಿಲ್ಲ. ಅದು ಮಾತ್ರ ತಪ್ಪದೆ ನೋಡಿ. ಥಿಂಕ್‌ಪ್ಯಾಡ್‌ನಲ್ಲಿ ಅದು ಇದ್ದು, ನಮಗೆ ಗೊತ್ತಿಲ್ಲದಿದ್ದರೆ ಕಂಪನಿ ಹೇಳುವ ಪರಿಹಾರ ಮದರ್‌ಬೋರ್ಡನ್ನೇ ಬದಲಾಯಿಸುವುದು. ಅಲ್ಲೇ ಕಾಣುವ ಸೀರಿಯಲ್ ನಂಬರನ್ನು ತಳದ ಸ್ಟಿಕ್ಕರ್ ಜೊತೆ ತಾಳೆ ನೋಡಿದೆ. ಒಂದೇ ಇತ್ತು.

ಕೊನೆಗೆ ನನ್ನ ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಿದೆ. ಆ ಫೈಲನ್ನು ಮೈಕ್ರೋಸಾಫ್ಟ್‌ನ ತಾಣದಿಂದಲೇ ಉಚಿತವಾಗಿ ಇಳಿಸಿಕೊಳ್ಳಬಹುದು. ಇಪ್ಪತ್ತೈದು ನಿಮಿಷ ಹಿಡಿಯಿತು. ಫೋನಿನ ಹಾಟ್‌ಸ್ಪಾಟ್ ಕೊಟ್ಟು ಉಸಿರು ಬಿಗಿಹಿಡಿದು ಕೂತೆ. ಯಾವ ಕಂಪನಿಯ ಹೆಸರೂ ಬರಲಿಲ್ಲ, ಇದು ಮನೆಗಾ ಆಫೀಸಿಗಾ ಅಂತ ಸಾದಾ ಪ್ರಶ್ನೆ ಬಂತು. ಆಕ್ಟಿವೇಶನ್‌ನಲ್ಲಿ ಡಿಜಿಟಲ್ ಲೈಸೆನ್ಸ್ ಅಂತ ಬಂತು, ಅಂದರೆ ಆ ಯಂತ್ರಕ್ಕೇ ಸೇರಿದ ಲೈಸೆನ್ಸ್. ಎರಡು ವರ್ಷದ ಹಿಂದಿನ ಆ ಭಾನುವಾರ ನೆನಪಾಗಿ ನಿಜವಾಗಿ ಕಣ್ಣು ತುಂಬಿ ಬಂತು. ಬ್ಯಾಟರಿ ಮತ್ತು ಆ ಕಲೆ ತೋರಿಸಿ 20,500 ಇದ್ದದ್ದನ್ನು 18,500ಕ್ಕೆ ಇಳಿಸಿದೆ. ಬಿಲ್ ಮೇಲೆ ಸೀರಿಯಲ್ ನಂಬರ್, ಏಳು ದಿನ ರಿಪ್ಲೇಸ್‌ಮೆಂಟ್, ಆರು ತಿಂಗಳು ವಾರಂಟಿ, ಎಲ್ಲ ಬರೆಸಿಕೊಂಡೆ.

ಆ ಏಳು ದಿನ ಸುಮ್ನೆ ಕಳೆಯಬಾರದು. ಮೊದಲ ರಾತ್ರಿ ಮೆಮ್‌ಟೆಸ್ಟ್86 ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ರ‍್ಯಾಮ್‌ನಲ್ಲಿ ಒಂದೂ ತಪ್ಪಿಲ್ಲ.

ಇನ್ನು ನುಡಿ. ನಾನು ನನ್ನದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಬಳಸುತ್ತೇನೆ. ಈಗ ಫೋನು, ವೆಬ್ ಎಲ್ಲ ಕಡೆ ಬಳಸುವ ಯೂನಿಕೋಡ್‌ನಲ್ಲಿ ಬರೆಯುವವರಿಗೆ ಅದರಲ್ಲೇ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಇದೆ, ಎಲ್ಲರಿಗೂ ಖುಷಿಯಿಂದ ಹೇಳುತ್ತೇನೆ. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಅವಳ ಹದಿನೈದು ವರ್ಷದ ಫೈಲುಗಳೆಲ್ಲ ನುಡಿಯ ಹಳೇ ಆಸ್ಕಿ ಅಕ್ಷರದಲ್ಲಿವೆ, ಅವಳ ಪ್ರೆಸ್ಸಿನವರು ಕೇಳುವುದೂ ಅದನ್ನೇ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆಗೆದರೆ 'ಕನ್ನಡ' ಅನ್ನುವ ಪದವೇ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು ಅಂತ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿ, ಅವಳು ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ಲಗ್ನಪತ್ರಿಕೆ ತೆರೆದೆ. ಅರ್ಕಾವತ್ತು, ದೀರ್ಘ ಎಲ್ಲ ತಮ್ಮ ಜಾಗದಲ್ಲೇ ಕೂತಿದ್ದವು. ನಾಲ್ಕು ಸಾಲು ಟೈಪ್ ಮಾಡಿದೆ, ಸಲೀಸಾಗಿ ಬಂತು.

ಪ್ರಿಂಟರ್ ಒಂದು ಸ್ವಲ್ಪ ಸತಾಯಿಸಿತು. ಅವಳ ಹತ್ತಿರದ ಸಿಡಿಯಲ್ಲಿದ್ದದ್ದು 32 ಬಿಟ್ ಡ್ರೈವರ್, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಪ್ರಿಂಟರ್ ಕಂಪನಿಯ ತಾಣದಲ್ಲಿ 64 ಬಿಟ್‌ನದು ಸಿಕ್ಕಿತು. ಹಳೇ ಪ್ರಿಂಟರ್ ಇರುವವರು ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ಇದನ್ನು ಹುಡುಕಿಟ್ಟುಕೊಳ್ಳಿ.

ಹೋದ ಶನಿವಾರ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹಾಸನಕ್ಕೆ ಒಯ್ದೆ. ಅಕ್ಕ ಮುಚ್ಚಳ ತೆರೆದು, ಬೇರೇನೂ ನೋಡದೆ, ಕೀಬೋರ್ಡ್ ಮೇಲೆ ಎರಡೂ ಕೈ ಇಟ್ಟು ಅಪ್ಪನ ಹೆಸರು ಟೈಪ್ ಮಾಡಿದಳು. "ಕೀ ಚೆನ್ನಾಗಿದೆ ಕಣೋ" ಅಂದಳು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಗೃಹಪ್ರವೇಶದ ಪತ್ರಿಕೆ ಮುಗಿಸಿದ್ದಳು. ಹೊರಗಿನ ಬ್ಯಾಟರಿ ಇನ್ನೂ ತರಿಸಬೇಕು. ಹಳೇ ಡೆಸ್ಕ್‌ಟಾಪ್‌ನ ಹಾರ್ಡ್‌ಡಿಸ್ಕ್ ಬಿಚ್ಚಿಕೊಂಡು ಬಂದಿದ್ದೇನೆ, ಈ ವಾರ ಅದರಲ್ಲಿರುವ ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡುತ್ತಿದ್ದೇನೆ.