ಕುವಾನಾದಲ್ಲಿ ಒಂದೇ ಹಾಳೆಯ ಕೊಕ್ಕರೆಗಳು

ನಾಗೋಯಾದಿಂದ ಕುವಾನಾಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಟೋಕಿಯೋ, ಕ್ಯೋಟೋ ಎಂದು ಓಡುವವರು ಇಲ್ಲಿ ಇಳಿಯುವುದು ಕಡಿಮೆ. ಆದರೆ ಕಾಗದ ಮಡಿಸುವ ಕಲೆ ಇಷ್ಟವಿದ್ದರೆ ಈ ಊರನ್ನು ಬಿಡಲೇಬಾರದು. ಒಂದೇ ಹಾಳೆಯಲ್ಲಿ ಹತ್ತಾರು ಕೊಕ್ಕರೆಗಳನ್ನು, ಒಂದನ್ನೊಂದು ಬಿಡಿಸದೆ ಮಡಿಸುವ ಒರಿಗಾಮಿಗೆ ಹೆಸರಾದ ಊರು ಇದು.

ಇಲ್ಲಿನ ಚೋಎನ್‌ಜಿ ಎಂಬ ಬೌದ್ಧ ದೇವಾಲಯದ ಗುರು ಗಿದೋ ಇಂಥ ಮಾದರಿಗಳನ್ನು ಕಟ್ಟಿದರು. ಅವುಗಳಲ್ಲಿ 49 ಮಾದರಿಗಳು 1797ರಲ್ಲಿ ಕ್ಯೋಟೋದಲ್ಲಿ ‘ಹಿದೆನ್ ಸೆನ್‌ಬಾಝುರು ಒರಿಕಾತಾ’ ಎಂಬ ಪುಸ್ತಕವಾಗಿ ಅಚ್ಚಾದವು. ಪೂಜೆ, ಶಾಸ್ತ್ರಕ್ಕಲ್ಲದೆ ಸುಮ್ನೆ ಖುಷಿಗೆ ಮಡಿಸುವ ಒರಿಗಾಮಿಯ ಬಗ್ಗೆ ಸಿಕ್ಕಿರುವ ಅತಿ ಹಳೆಯ ಪುಸ್ತಕ ಇದೇ ಎನ್ನುತ್ತಾರೆ. ಪ್ರತಿ ಮಾದರಿಗೂ ಒಂದು ಹೆಸರು, ಜೊತೆಗೊಂದು ತಮಾಷೆಯ ಪುಟ್ಟ ಪದ್ಯ.

ಮೊದಲು ನದಿ ದಡಕ್ಕೆ ಹೋದೆವು. ಎದೋ (ಈಗಿನ ಟೋಕಿಯೋ) ಮತ್ತು ಕ್ಯೋಟೋ ನಡುವಿನ ಹಳೆಯ ತೋಕಾಯ್ದೋ ಹೆದ್ದಾರಿಯಲ್ಲಿ ಕುವಾನಾ 42ನೇ ತಂಗುದಾಣ. ಅದಕ್ಕೂ ಹಿಂದಿನ ತಂಗುದಾಣ ಮಿಯಾದಿಂದ ಇಲ್ಲಿಗೆ ಸುಮಾರು 28 ಕಿಲೋಮೀಟರ್ ದೋಣಿಯಲ್ಲಿ ಬರುತ್ತಿದ್ದರು. ದೋಣಿ ಇಳಿಯುತ್ತಿದ್ದ ಕಡೆ ಈಗಲೂ ಮರದ ದೊಡ್ಡ ‘ತೋರಿ’, ಅಂದರೆ ಶಿಂತೋ ಗುಡಿಗಳ ಮುಂದಿರುವಂಥ ದ್ವಾರವಿದೆ. ಇಷ್ಟು ಜನ ಹಾದು ಹೋಗುತ್ತಿದ್ದ ಊರಿನ ಕೈಚಳಕ ಕ್ಯೋಟೋವರೆಗೂ ಸುದ್ದಿಯಾಗದೆ ಇರುತ್ತಾ?

ಮಧ್ಯಾಹ್ನ, ನಾಗೋಯಾದಲ್ಲಿರುವ ನನ್ನ ಗೆಳತಿಗೆ ಪರಿಚಯವಿದ್ದ ಅಜ್ಜಿಯೊಬ್ಬರು ನಮ್ಮನ್ನು ಕೂರಿಸಿಕೊಂಡು ಕಲಿಸಿದರು. ಅಗಲಕ್ಕಿಂತ ಎರಡರಷ್ಟು ಉದ್ದದ ಹಾಳೆ. ನಡುವೆ ಕತ್ತರಿಯಿಂದ ಸೀಳಿ, ತುದಿಯಲ್ಲಿ ಕೆಲವೇ ಮಿಲಿಮೀಟರ್ ಉಳಿಸಿದರು. ಈಗ ಎರಡು ಚೌಕ, ಒಂದು ಮೂಲೆಯಲ್ಲಿ ಮಾತ್ರ ಕೂಡಿಕೊಂಡಿವೆ. ಚೌಕದ ಎದುರುಬದುರು ಮೂಲೆಗಳಲ್ಲಿ ಎರಡು ರೆಕ್ಕೆಗಳಾಗುತ್ತವೆ, ಉಳಿದೆರಡು ಕೊಕ್ಕು ಮತ್ತು ಬಾಲ. ಕೂಡಿದ ಮೂಲೆ ಯಾವುದಾಗಬೇಕು ಎಂದು ಮೊದಲೇ ಯೋಚಿಸಿ ಮಡಿಸಬೇಕು. ನಮ್ಮದು ರೆಕ್ಕೆಗೆ ರೆಕ್ಕೆ ತಾಗಿದ ಜೋಡಿ. ಅಂಟು ಎಲ್ಲೂ ಇಲ್ಲ.

ಒರಿಗಾಮಿ ಅಂದರೆ ಕತ್ತರಿ ಮುಟ್ಟಬಾರದು ಎಂದು ಈಗ ಬಹಳ ಜನ ಹೇಳುತ್ತಾರೆ. ಇನ್ನೂರು ವರ್ಷ ಹಿಂದಿನ ಈ ಪದ್ಧತಿಯಲ್ಲಿ ಕತ್ತರಿಯಿಂದಲೇ ಕೆಲಸ ಶುರು. ಹಾಗಾಗಿ ಆ ಕಟ್ಟುನಿಟ್ಟನ್ನು ಇಡೀ ಪರಂಪರೆಯ ಮೇಲೆ ಹೇರುವುದು ಸರಿಯಲ್ಲ ಅಂತ ನನಗನಿಸುತ್ತದೆ.

ಎರಡನೇ ಕೊಕ್ಕರೆ ಮಡಿಸುವಾಗ ಮೊದಲನೆಯದು ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಅದನ್ನು ಎಳೆಯದ ಹಾಗೆ ಬೆರಳಾಡಿಸುವುದೇ ಕಷ್ಟ. ನಾನು ಉಸಿರು ಬಿಗಿ ಹಿಡಿದಿದ್ದನ್ನು ನೋಡಿ ಅಜ್ಜಿ ಏನೋ ಅಂದರು. ಗೆಳತಿ ಕನ್ನಡದಲ್ಲಿ ಹೇಳಿದಳು: “ಹೆದರಬೇಡಮ್ಮ, ಈ ಕಾಗದ ಅಷ್ಟು ಸುಲಭಕ್ಕೆ ಹರಿಯಲ್ಲ ಅಂತಿದ್ದಾರೆ.”

ಅದು ನಿಜ. ಅದು ವಾಶಿ, ಕೊಝೋ ಗಿಡದ ತೊಗಟೆಯ ನಾರಿನಿಂದ ಮಾಡಿದ ಕಾಗದ. ನಾರು ಉದ್ದವಿರುವುದರಿಂದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಅಷ್ಟು ಸಣ್ಣ ಕೊಂಡಿಯೂ ಭಾರ ತಡೆಯುತ್ತದೆ.

ಕುವಾನಾ ನಗರ 1976ರಲ್ಲಿ ಈ ಕಲೆಯನ್ನು ತನ್ನ ಸಾಂಸ್ಕೃತಿಕ ಆಸ್ತಿ ಎಂದು ಗುರುತಿಸಿತು. ನೀವೂ ಮನೆಯಲ್ಲಿ ಮಾಡಿ ನೋಡುವುದಾದರೆ ತೆಳ್ಳಗಿನ, ಗಟ್ಟಿಯಾದ ವಾಶಿಯನ್ನೇ ಕೊಳ್ಳಿ. ಸ್ಟೇಷನರಿ ಅಂಗಡಿಯ ಸಾಮಾನ್ಯ ಬಣ್ಣದ ಕಾಗದ ಕೂಡಿದ ಮೂಲೆಯಲ್ಲಿ ಬೇಗ ಹರಿಯುತ್ತದೆ. ಮೊದಲು ಎರಡು ಕೊಕ್ಕರೆ, ಆಮೇಲೆ ನಾಲ್ಕು.